ಒಂದೇ ಮಾಡು, ಮೂರು ಬಾಗಿಲು

ಇಂಗ್ಲೆಂಡಿನ ಕೆಂಟ್, ಸಸೆಕ್ಸ್ ಸೀಮೆಯ ಹಳ್ಳಿಗಳಲ್ಲಿ ಒಂದಕ್ಕೊಂದು ಆತುಕೊಂಡ ಎರಡು ಮೂರು ಪುಟ್ಟ ಮನೆಗಳು ಕಂಡರೆ, ಬಾಗಿಲು ಎಣಿಸುವುದು ಬಿಟ್ಟು ಸೂರು ನೋಡಬೇಕು. ಎರಡೂ ತುದಿಯ ಮಹಡಿಗಳು ಮುಂದಕ್ಕೆ ಚಾಚಿ, ನಡುವಿನ ಗೋಡೆ ಮಾತ್ರ ಒಳಸರಿದು, ಮೇಲೆ ಒಂದೇ ಮಾಡು ನೆಟ್ಟಗೆ ಹಾದುಹೋಗಿದ್ದರೆ ಅದು ಹಿಂದೊಮ್ಮೆ ಒಂದೇ ಮನೆ. ಇವಕ್ಕೆ ‘ವೀಲ್ಡನ್ ಮನೆ’ ಎಂದು ಹೆಸರು. 14ನೇ ಶತಮಾನದ ಕೊನೆಯಿಂದ 16ರ ಆರಂಭದವರೆಗೆ ಅನುಕೂಲಸ್ಥ ರೈತರು ಓಕ್ ಮರದಲ್ಲಿ ಕಟ್ಟಿಸಿದವು.

ನಡುವೆ ಮಾಡಿನವರೆಗೂ ಬಯಲಾದ ಹಜಾರ, ಒಂದು ಪಕ್ಕ ಯಜಮಾನನ ಕೋಣೆ, ಇನ್ನೊಂದು ಪಕ್ಕ ಉಗ್ರಾಣ. ಪಾಲು ಮಾಡುವವರಿಗೆ ಇದಕ್ಕಿಂತ ಸಲೀಸು ಯಾವುದಿದೆ? ಗೆರೆ ಮೊದಲೇ ಎಳೆದಿಟ್ಟಂತಿದೆ. ಸಾಲದ್ದಕ್ಕೆ ಗೋಡೆಗಳ ಮೇಲೆ ಭಾರವೇ ಇಲ್ಲ. ಎಲ್ಲವನ್ನೂ ಹೊತ್ತದ್ದು ಕಂಬ, ತೊಲೆಗಳ ಚೌಕಟ್ಟು. ಬಡಗಿಗಳು ಹಸಿ ಮರವನ್ನೇ ಕೊರೆದು, ಒಂದರ ನಾಲಿಗೆಯನ್ನು ಇನ್ನೊಂದರ ತೂತಿಗೆ ಕೂರಿಸಿ, ಮರದ ಗೂಟ ಹೊಡೆಯುತ್ತಿದ್ದರು. ಯಾವುದು ಯಾವುದಕ್ಕೆ ಎಂದು ಗೊತ್ತಾಗಲು ಪ್ರತಿ ಸಂದಿನ ಬಳಿ ಗೀಚಿದ ರೋಮನ್ ಅಂಕಿಗಳು ಈಗಲೂ ಕೈಗೆ ತಾಗುತ್ತವೆ. ಕಂಬಗಳ ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು, ಹುಲ್ಲು, ಸಗಣಿ ಮೆತ್ತಿದ್ದು. ಬೇಕಾದಲ್ಲಿ ಒಡೆದು ಬಾಗಿಲಿಡಬಹುದು.

16ನೇ ಶತಮಾನದಲ್ಲಿ ಇಟ್ಟಿಗೆಯ ಚಿಮಣಿ ಬಂತು. ಹೊಗೆಗೆ ದಾರಿಯಾದ ಮೇಲೆ ಎತ್ತರದ ಹಜಾರ ಯಾರಿಗೆ ಬೇಕು? ನಡುವೆ ಮಹಡಿ ಹಾಕಿದರು. ಮುಂದೆ ಸ್ಥಿತಿವಂತರು ಹೊಸ ಮನೆಗಳಿಗೆ ಹೋದರು, ಹಳೆಯದು ತುಂಡು ತುಂಡಾಗಿ ಕೂಲಿಕಾರರ ಬಿಡಾರವಾಯಿತು.

ಇಂಥ ಮನೆಯ ನಿಜವಾದ ದಾಖಲೆ ಪತ್ರ ಇರುವುದು ಅಟ್ಟದಲ್ಲಿ. ಟಾರ್ಚ್ ಹಿಡಿದು ಹತ್ತಿದರೆ ನಡುಮನೆಯ ಮೇಲಿನ ಮರವೆಲ್ಲ ಕರ್ರಗೆ: ಹಜಾರದ ನೆಲದ ಮೇಲೆ ಉರಿಯುತ್ತಿದ್ದ ಬೆಂಕಿಯ ಮಸಿ. ನಮ್ಮ ಹಳೆಯ ಅಡುಗೆಮನೆಗಳ ಇಲ್ಲಣವೇ. ಕೆಳಗೆ ಮಲಗುವ ಕೋಣೆ, ಬಿಳಿ ಸುಣ್ಣ. ಮೇಲೆ ಐದಾರು ಶತಮಾನ ಹಳೆಯ ಹೊಗೆಯ ಕಲೆ.

ಸಸೆಕ್ಸ್‌ನ ಆಲ್ಫ್ರಿಸ್ಟನ್‌ನಲ್ಲಿರುವ ‘ಕ್ಲರ್ಜಿ ಹೌಸ್’ ಕೂಡ ಇದೇ ಬಗೆಯದು. ಅದೂ ಕೂಲಿಕಾರರ ವಾಸಕ್ಕೆ ಇಳಿದು, ಕೆಡವುವ ಮಾತಿನವರೆಗೆ ಹೋಗಿ, 1896ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ಕೈಗೆ ಬಂತು. ಬೆಲೆ 10 ಪೌಂಡ್! ಟ್ರಸ್ಟ್ ಕೊಂಡ ಮೊದಲ ಕಟ್ಟಡ ಅದು. ಹಜಾರದ ನೆಲ ಸೀಮೆಸುಣ್ಣದ ಕಲ್ಲು ಕುಟ್ಟಿ, ಹುಳಿ ಹಾಲು ಬಳಿದು ಗಟ್ಟಿಮಾಡಿದ್ದು.

ಪಾಲಾದ ಮನೆಗಳಲ್ಲಿ ಇಂದಿಗೂ ಸಂಸಾರಗಳಿವೆ. ಬಾಗಿಲು ಬೇರೆ, ವಿದ್ಯುತ್ ಬಿಲ್ಲು ಬೇರೆ; ತೊಲೆ ಮಾತ್ರ ಹಂಚಿಕೆಯಾಗಿಲ್ಲ. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿದು ಅಡಿಯ ಮರ ಕೊಳೆಯುತ್ತದೆ. ತಲೆಗೆ ತಾಗುತ್ತದೆಂದು ಒಬ್ಬರು ಅಡ್ಡತೊಲೆ ಕೊಯ್ದರೆ ಪಕ್ಕದವರ ಗೋಡೆಯೂ ಹೊರಕ್ಕೆ ವಾಲೀತು. ಸಂರಕ್ಷಿತ ಪಟ್ಟಿಯಲ್ಲಿರುವ ಮನೆಯಾದರೆ ಗರಗಸ ಮುಟ್ಟುವ ಮೊದಲೇ ಸ್ಥಳೀಯ ಆಡಳಿತದ ಒಪ್ಪಿಗೆ ಬೇಕು.