ಗಾಡಿಯೊಳಗೆ ನಿದ್ದೆ, ಗಾಜಿನ ಮೇಲೆ ನೀರು

ಎಸ್‌ಯುವಿಯ ಹಿಂದಿನ ಸೀಟು ಮಡಚಿ, ಪ್ಲೈವುಡ್ ಹಾಸಿ, ಮೇಲೊಂದು ಹಾಸಿಗೆ ಬಿಡಿಸಿಬಿಟ್ಟರೆ ಕ್ಯಾಂಪರ್ ತಯಾರು ಎಂದುಕೊಳ್ಳುವವರೇ ಹೆಚ್ಚು. ಲಾಡ್ಜಿನ ಬಾಡಿಗೆ ಉಳಿಸಲು ಹೊರಟವರ ದುಡ್ಡಿನ ಬಹುಪಾಲು ಬಡಗಿಯ ಕೈ ಸೇರುವುದು ಹೀಗೆ. ಮಲೆನಾಡಿನ ಚಳಿಯಲ್ಲಿ ಒಂದು ರಾತ್ರಿ ಕಳೆದು ಎದ್ದರೆ ಗಾಜಿನಿಂದ ನೀರು ಇಳಿಯುತ್ತಿರುತ್ತದೆ, ಹೊದಿಕೆ ತೇವವಾಗಿರುತ್ತದೆ, ತಲೆ ಭಾರ. ಎಷ್ಟು ಒಳ್ಳೆಯ ಹಲಗೆ ತಂದರೂ ಇದಕ್ಕೆ ಪರಿಹಾರವಿಲ್ಲ.

ಆ ನೀರು ಬಂದದ್ದು ಮಲಗಿದವರ ಮೈಯಿಂದಲೇ. ನಿದ್ದೆಯಲ್ಲಿರುವ ವಯಸ್ಕರೊಬ್ಬರು ಉಸಿರು ಮತ್ತು ಚರ್ಮದ ಮೂಲಕ ಗಂಟೆಗೆ ಸುಮಾರು 30ರಿಂದ 40 ಗ್ರಾಂ ನೀರನ್ನು ಆವಿಯಾಗಿ ಹೊರಬಿಡುತ್ತಾರೆ. ಇಬ್ಬರು ಎಂಟು ಗಂಟೆ ಮಲಗಿದರೆ ಅರ್ಧ ಲೀಟರ್ ಆಯಿತು. ಇದು ಹೋಗುವುದೆಲ್ಲಿಗೆ? 20 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಹಿಡಿದಿಡಬಲ್ಲದ್ದು ಹೆಚ್ಚೆಂದರೆ 17 ಗ್ರಾಂ ಆವಿ. 10 ಡಿಗ್ರಿಗೆ ಇಳಿದರೆ 9 ಗ್ರಾಂ ಮಾತ್ರ. ಗಾಡಿಯ ಒಳಗಿರುವುದು ನಾಲ್ಕು ಘನ ಮೀಟರ್ ಗಾಳಿ ಎಂದುಕೊಳ್ಳಿ. ಅಲ್ಲಿಗೆ ಮಿತಿ 70 ಗ್ರಾಂ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹೊರಗಿನ ತೇವಾಂಶವೇ ತುಂಬಿಕೊಂಡಿರುತ್ತದೆ. ಕಿಟಕಿ ಪೂರ್ತಿ ಮುಚ್ಚಿದ್ದರೆ ಮೊದಲ ಗಂಟೆ ಮುಗಿಯುವುದರೊಳಗೇ ಗಾಳಿಗೆ ಇನ್ನು ಜಾಗವಿಲ್ಲ.

ಮೊದಲು ಬೆವರುವುದು ಮುಂದಿನ ಗಾಜು ಮತ್ತು ಛಾವಣಿ. ಅವೆರಡೂ ಆಕಾಶಕ್ಕೆ ಮುಖ ಮಾಡಿರುವುದರಿಂದ ತಮ್ಮ ಶಾಖವನ್ನು ಅವಕೆಂಪು ವಿಕಿರಣವಾಗಿ ಕಳೆದುಕೊಳ್ಳುತ್ತಾ, ನಿರಭ್ರ ರಾತ್ರಿಯಲ್ಲಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಹುಲ್ಲಿನ ಮೇಲೆ ಇಬ್ಬನಿ ಕೂರುವುದೂ ಹೀಗೆಯೇ. ಗಾಜಿನ ನೀರು ಕಣ್ಣಿಗೆ ಬೀಳುತ್ತದೆ, ಒರೆಸುತ್ತೇವೆ. ಛಾವಣಿಯ ಬಟ್ಟೆಯ ಹಿಂದೆ, ಬಾಗಿಲ ತಗಡಿನ ಒಳಗೆ ಕೂತದ್ದು ಮಾತ್ರ ಬೂಷ್ಟು, ತುಕ್ಕಾಗಿ ತಿಂಗಳುಗಳ ನಂತರ ಹೊರಬರುತ್ತದೆ.

ಉಪಾಯ ಅಗ್ಗದ್ದು. ಓರೆಯಾಗಿ ಎದುರುಬದುರಿರುವ ಎರಡು ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಿ, ಮಳೆ ಒಳಬಾರದಂತೆ ಮೇಲೆ ವೈಸರ್ ಅಂಟಿಸಿ, ಸೊಳ್ಳೆ ಪರದೆಯನ್ನು ಆಯಸ್ಕಾಂತದ ಬಿಲ್ಲೆಗಳಿಂದ ಬಾಗಿಲಿನ ಚೌಕಟ್ಟಿಗೆ ಕಚ್ಚಿಸಿ. ಒಂದು ಕಿಟಕಿಯ ಸಂದಿನಲ್ಲಿ ಕಂಪ್ಯೂಟರಿನಿಂದ ಕಳಚಿದ 12 ವೋಲ್ಟಿನ ಫ್ಯಾನು ಕೂರಲಿ. ಅದು ತಿನ್ನುವುದು ಎರಡು-ಮೂರು ವಾಟ್. ಗಂಟೆಗೆ 20 ಘನ ಮೀಟರಿನಷ್ಟು ಹೊಸ ಗಾಳಿ ಹರಿದರೂ ಇಬ್ಬರ ಆವಿ ಹೊರಹೋಗುತ್ತದೆ. ಜಡಿಮಳೆಯಲ್ಲಿ ಹೊರಗಿನ ಗಾಳಿಯೇ ಒದ್ದೆಯಲ್ಲವೇ ಎಂದು ಕೇಳಬಹುದು. ಹೌದು, ಆದರೆ 18 ಡಿಗ್ರಿಯ ಒದ್ದೆ ಗಾಳಿ ಒಳಬಂದು 22 ಡಿಗ್ರಿಗೆ ಬೆಚ್ಚಗಾದರೆ ಘನ ಮೀಟರಿಗೆ ಇನ್ನೂ ನಾಲ್ಕು ಗ್ರಾಂ ಹೊತ್ತುಕೊಳ್ಳಬಲ್ಲದು. ಬೆಳಗಿನ ತಲೆಭಾರಕ್ಕೂ ಇದೇ ಮದ್ದು. ಮುಚ್ಚಿದ ಗಾಡಿಯಲ್ಲಿ ಇಬ್ಬರ ಉಸಿರಿನ ಇಂಗಾಲದ ಡೈಆಕ್ಸೈಡ್ ಗಂಟೆಯೊಂದರಲ್ಲೇ ಹೊರಗಿನ ಮಟ್ಟದ ಹತ್ತು ಪಟ್ಟನ್ನು ದಾಟಬಹುದು.

ಇಂಗಾಲದ ಮಾನಾಕ್ಸೈಡ್‌ನ ಕತೆ ಬೇರೆ. ಅದು ರಕ್ತದ ಹಿಮೊಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ವಾಸನೆ, ಬಣ್ಣ ಎರಡೂ ಇಲ್ಲ. ಇಂಜಿನ್ ಚಾಲೂ ಇಟ್ಟು ಎಸಿ ಹಾಕಿಕೊಂಡು ಮಲಗುವುದಾಗಲಿ, ಒಳಗೆ ಒಲೆ, ಇದ್ದಿಲು ಹಚ್ಚುವುದಾಗಲಿ ಕೂಡದು. ಕಿಟಕಿಯ ಸಂದು ಇದರಿಂದ ಕಾಪಾಡುತ್ತದೆಂಬ ಭರವಸೆಯೂ ಬೇಡ.

ಚಳಿ ಮುಖ್ಯವಾಗಿ ಕೆಳಗಿನಿಂದ ಹತ್ತುತ್ತದೆ. ಗಾಳಿ ತುಂಬುವ ಹಾಸಿಗೆ ಮೆತ್ತಗಿರುತ್ತದೆ ನಿಜ, ಆದರೆ ಅದರೊಳಗಿನ ಗಾಳಿ ಅತ್ತಿತ್ತ ಓಡಾಡುತ್ತಾ ಮೈಯ ಬಿಸಿಯನ್ನು ಕೆಳಗೆ ಸಾಗಿಸುತ್ತದೆ. ಯೋಗದ ಚಾಪೆಯಂಥ ಫೋಮ್ ಗಾಳಿಯನ್ನು ಸಣ್ಣ ಗುಳ್ಳೆಗಳಲ್ಲಿ ಕೂಡಿಹಾಕಿ ಅಲುಗದಂತೆ ಮಾಡುತ್ತದೆ. ಹಾಸಿಗೆಯ ಕೆಳಗೆ ಅಂಥದ್ದೊಂದು ಇದ್ದರೆ ವ್ಯತ್ಯಾಸ ಆ ರಾತ್ರಿಯೇ ತಿಳಿಯುತ್ತದೆ. ಹೊಳೆಯುವ ಬೆಳ್ಳಿ ಹಾಳೆಯನ್ನು ತಗಡಿಗೆ ನೇರವಾಗಿ ಅಂಟಿಸುವವರು ದುಡ್ಡು ಕಳೆದುಕೊಳ್ಳುತ್ತಾರೆ. ಹೊಳಪು ತಡೆಯುವುದು ವಿಕಿರಣವನ್ನು, ಅದಕ್ಕೆ ಎದುರಿಗೆ ಗಾಳಿಯ ಅಂತರ ಬೇಕು. ಬಿಸಿಲಿಗಾದರೆ ಅದನ್ನು ಗಾಜಿನ ಹೊರಗೆ ಹೊದಿಸುವುದೇ ಲೇಸು. ಗಾಜು ದಾಟಿ ಒಳಗೆ ಹೀರಿಕೆಯಾದ ಬೆಳಕು ಸುಲಭವಾಗಿ ಮರಳುವುದಿಲ್ಲ. ಇನ್ನು ಮೇ ತಿಂಗಳ ಕರಾವಳಿಯಲ್ಲಿ ಯಾವ ಹೊದಿಕೆಯೂ ಕೆಲಸಕ್ಕೆ ಬಾರದು. ನಿದ್ದೆಯಲ್ಲಿರುವ ಮನುಷ್ಯ ತಾನೇ 70-80 ವಾಟಿನ ಹೀಟರು. ಸುಮ್ಮನೆ ಘಟ್ಟ ಹತ್ತಬೇಕು: ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಮಡಿಕೇರಿಯಲ್ಲಿ ಪುಕ್ಕಟೆ ತಂಪು ಸಿಗುತ್ತದೆ.

ಫ್ಯಾನು, ದೀಪ, ಫೋನಿಗೆ ಗಾಡಿಯ ಬ್ಯಾಟರಿಯನ್ನು ಹಿಂಡಬಾರದು. ಇಂಜಿನ್ ಎಬ್ಬಿಸಲು ಕ್ಷಣಕಾಲ ಭಾರಿ ಕರೆಂಟು ಕೊಡುವುದಕ್ಕೆಂದು ತೆಳು ಸೀಸದ ಫಲಕಗಳಿಂದ ಮಾಡಿದ ಅದು ಪದೇ ಪದೇ ಪೂರ್ತಿ ಬರಿದಾದರೆ ಬೇಗ ಸಾಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್‌ನ ಚಿಕ್ಕ ಬ್ಯಾಟರಿ ಬೇರೆಯೇ ಇರಲಿ. ಈ ವಸ್ತುವಿನ ಗುಣವನ್ನು 1997ರಲ್ಲಿ ಪ್ರಕಟಿಸಿದವರು ಟೆಕ್ಸಾಸ್ ವಿಶ್ವವಿದ್ಯಾಲಯದ ಅಕ್ಷಯ ಪಾಢಿ, ಕೆ.ಎಸ್. ನಂಜುಂಡಸ್ವಾಮಿ ಮತ್ತು ಜಾನ್ ಗುಡ್‌ಎನಫ್. ಗುಡ್‌ಎನಫ್‌ಗೆ 2019ರಲ್ಲಿ ನೊಬೆಲ್ ಬಂತು. ಬ್ಯಾಟರಿ 20 ಆಂಪಿಯರ್-ಗಂಟೆಯದಾದರೆ ಸುಮಾರು 250 ವಾಟ್-ಗಂಟೆ ಶಕ್ತಿ. ರಾತ್ರಿಯಿಡೀ ಫ್ಯಾನಿಗೆ 30, ದೀಪಗಳಿಗೆ 20, ಎರಡು ಫೋನಿಗೆ 40 ಎಂದರೂ ಎರಡು ರಾತ್ರಿ ಆರಾಮ. ಫ್ರಿಜ್ ಸೇರಿಸಿದೊಡನೆ ಲೆಕ್ಕ ತಲೆಕೆಳಗು. ಅದರ ಬದಲು ಥರ್ಮೊಕೋಲ್ ಪೆಟ್ಟಿಗೆ, ಐದು ಕೆಜಿ ಮಂಜುಗಡ್ಡೆ: ಕರಗುವಾಗ ಅದು ಹೀರುವ ಶಾಖ 460 ವಾಟ್-ಗಂಟೆಯಷ್ಟು. ಮೀನಿನ ಬಂದರುಗಳಲ್ಲಿ ಮಂಜುಗಡ್ಡೆ ಧಾರಾಳ, ವಾಸನೆ ಇಲ್ಲದ್ದನ್ನು ಕೇಳಿ ತರಬೇಕು ಅಷ್ಟೆ.

ಹಲಗೆಯ ವಿಷಯ ಕೊನೆಗೆ ಬಂತು. 18 ಮಿ.ಮೀ. ಪ್ಲೈವುಡ್ ತಗೊಳ್ಳಿ ಎಂದು ಅಂಗಡಿಯವರು ಹೇಳಿಯೇ ಹೇಳುತ್ತಾರೆ. 12 ಮಿ.ಮೀ.ಗೆ ಹೋಲಿಸಿದರೆ ದಪ್ಪ ಒಂದೂವರೆ ಪಟ್ಟಾಗಿ ಬಿಗಿತ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ, ತೂಕವೂ ಒಂದೂವರೆ ಪಟ್ಟು. ಅದೇ 12 ಮಿ.ಮೀ. ಹಲಗೆಯ ನಡುವೆ ಒಂದು ಆಸರೆ ಕೊಟ್ಟು ಅಂತರ ಅರ್ಧ ಮಾಡಿದರೆ, ಮಂಡಿಯೂರಿದಂಥ ಒಂದೇ ಕಡೆಯ ಭಾರಕ್ಕೆ ಬಾಗುವುದು ಸುಮಾರು ಎಂಟರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಸೀಟುಗಳನ್ನು ಮಡಚಿದರೆ ಸಾಕು, ಕಿತ್ತು ಹಾಕಬೇಡಿ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯ ವಿವರಕ್ಕೆ ಹೊಂದದ ಮಾರ್ಪಾಡು ಮಾಡುವಂತಿಲ್ಲ. ಎತ್ತಿ ಹೊರಗಿಡಬಹುದಾದ ಮಂಚ ಸಾಮಾನಿನ ಲೆಕ್ಕಕ್ಕೆ ಬರುತ್ತದೆ. ಆದರೆ ಅದನ್ನು ಸುಮ್ಮನೆ ಇಟ್ಟುಕೊಂಡು ಓಡಿಸಬಾರದು. ಗಂಟೆಗೆ 50 ಕಿ.ಮೀ. ವೇಗದ ಗಾಡಿ ಡಿಕ್ಕಿಯಾಗಿ ಅರವತ್ತು ಸೆಂಟಿಮೀಟರಿನಲ್ಲಿ ನಿಂತರೆ, 20 ಕೆಜಿಯ ಮಂಚವನ್ನು ಹಿಡಿದು ನಿಲ್ಲಿಸಲು 300 ಕೆಜಿ ಭಾರಕ್ಕೂ ಮೀರಿದ ಬಲ ಬೇಕು. ಪ್ಲಾಸ್ಟಿಕ್ ಹಗ್ಗ ಸಾಲದು. ಲಾರಿಯವರು ಬಳಸುವ ರಾಚೆಟ್ ಪಟ್ಟಿಯಿಂದ, ಗಾಡಿಯ ನೆಲಕ್ಕೆ ಕಂಪನಿಯೇ ಬಿಗಿದ ಗಟ್ಟಿ ಕೊಂಡಿಗಳಿಗೆ ಕಟ್ಟಬೇಕು.