ದೊಡವಾಡದ ಬೆವರಿಗೆ ನಮ್ಮ ಸಹಿ

ನಮ್ಮ ಕೇರಿಯಲ್ಲಿ ಹೊಸ ಮನೆಯೊಂದು ಏಳುತ್ತಿದೆ. ಕೆಂಪು ಕಲ್ಲು ಹೊರುತ್ತಿದ್ದ ಗಂಡ ಹೆಂಡತಿಯನ್ನು ಯಾವ ಊರೆಂದು ಕೇಳಿದೆವು. ‘ದೊಡವಾಡ್ರೀ, ಬೈಲಹೊಂಗಲ ತಾಲ್ಲೂಕು. ಮಳಿ ಕೈ ಕೊಟ್ರ ಹೊಲ ಏನ್ ಕೊಡತೈತ್ರೀ ಸಾವಕಾರ್ರ? ದುಡ್ಯಾಕ ಬಂದೀವಿ’ ಎಂದ ಆತ.

ಇಂಥವರನ್ನು ನಾವು ‘ಘಟ್ಟದವರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಅವರದು ಹತ್ತಿ, ಜೋಳ, ಕಡಲೆ ಬೆಳೆಯುವ ಕಪ್ಪು ನೆಲ. ಆದರೆ ಮಳೆ ನಂಬಿದ ತುಂಡು ಹೊಲದಲ್ಲಿ ವರ್ಷವಿಡೀ ಸಂಸಾರ ಸಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ, ರಾಮದುರ್ಗದ ದಂಡೆಯ ಊರುಗಳು ಮುಳುಗಿದವು. 2023ರಲ್ಲಿ ಬರ ಬಂತು. ತಲಾ ಆದಾಯದಲ್ಲಿ ದಕ್ಷಿಣ ಕನ್ನಡ ರಾಜ್ಯದ ಮುಂಚೂಣಿಯಲ್ಲಿದೆ, ಬೆಳಗಾವಿ ತುಂಬ ಹಿಂದಿದೆ. ರಾಜ್ಯದೊಳಗಿನ ಇಂಥ ಅಂತರವನ್ನು ಅಳೆದ ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತ್ತು.

ಬ್ಯಾರಿಗಳಾದ ನಮಗೆ ಇದು ಅರ್ಥವಾಗದ ಕತೆಯೇನಲ್ಲ. ನಮ್ಮ ಅಣ್ಣಂದಿರು, ಕಾಕಂದಿರು ಗಲ್ಫಿಗೆ ಹೋದದ್ದೂ ಹೊಟ್ಟೆಪಾಡಿಗೇ. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗಿದ್ದು, ಸಂಬಳಕ್ಕೆ ತಿಂಗಳುಗಟ್ಟಲೆ ಕಾದದ್ದು ಇನ್ನೂ ಮನೆಮನೆಯ ಮಾತು. ಈಗ ನಾವು ಕಟ್ಟಿಸುವವರು, ಅವರು ಕಲ್ಲು ಹೊರುವವರು. ‘ಕೆಲಸ ಮುಗಿಯಲಿ ಮಾರಾಯ, ಮತ್ತೆ ನೋಡುವ’ ಎಂದು ಕೂಲಿ ಉಳಿಸಿಕೊಳ್ಳುವ ಮಾತು ನಮ್ಮವರ ಬಾಯಲ್ಲೂ ಬರುತ್ತದೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿಯವರ ಬೋಧನೆಯನ್ನು ಶುಕ್ರವಾರ ಕೇಳಿದ ಕಿವಿಯೇ ಶನಿವಾರ ಮರೆತರೆ ಹೇಗೆ?

ದೇಶದಲ್ಲಿ ಈಗ ಹೆಸರು ಕೇಳಿ ಬಾಡಿಗೆ ಮನೆ ಕೊಡುವ, ಹೆಸರು ನೋಡಿ ಅಂಗಡಿ ಬಿಡುವ ಕಾಲ. ಆ ನೋವು ನಮಗೆ ಗೊತ್ತು. 2006ರ ಸಾಚಾರ್ ವರದಿಯನ್ನು ಸಭೆಗಳಲ್ಲಿ ಎತ್ತಿ ಹಿಡಿಯುತ್ತೇವೆ, ಹಿಡಿಯಲೇಬೇಕು. ಆದರೆ ನ್ಯಾಯ ಕೇಳುವ ನಾವು ಶೆಡ್ಡಿನಲ್ಲಿ ಮಲಗಿರುವವನ ಜಾತಿ, ಧರ್ಮ, ಭಾಷೆಯ ಧಾಟಿ ನೋಡಿ ಕೂಲಿ ಅಳೆಯಬಾರದು. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಂ ಮನೆಗಳೇ ಇಲ್ಲದಿದ್ದರೂ ಹಿಂದೂಗಳು ಮೊಹರಂ ಆಚರಿಸುತ್ತಾರೆ. ಆ ಸೀಮೆಯಿಂದ ಬಂದವರನ್ನು ನಾವು ಬೇರೆಯವರೆಂದು ದೂರ ಇಡುವುದು ಸರಿಯಲ್ಲ.

ರಂಜಾನಿನಲ್ಲಿ ನಾವು ಉಳಿತಾಯದ ಶೇ 2.5ರಷ್ಟನ್ನು ಝಕಾತ್ ಎಂದು ಲೆಕ್ಕ ಹಾಕುತ್ತೇವೆ. ಅದು ಬಡವರ ಹಕ್ಕು. ಕೂಲಿ ದುಡಿದವನ ಹಕ್ಕು. ಒಂದನ್ನು ಕೊಟ್ಟು ಇನ್ನೊಂದನ್ನು ಮರೆಯುವಂತಿಲ್ಲ.

ಇನ್ನೊಂದು ಸಣ್ಣ ಕೆಲಸವೂ ನಮ್ಮ ಕೈಯಲ್ಲಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದರೆ ಮಕ್ಕಳ ಓದು, ಚಿಕಿತ್ಸೆ, ಅಪಘಾತ, ವೃದ್ಧಾಪ್ಯಕ್ಕೆ ನೆರವುಂಟು. ಅದಕ್ಕೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದೃಢೀಕರಣ ಬೇಕು. ಊರೂರು ಅಲೆಯುವ ಕೂಲಿಯವನಿಗೆ ಅದೇ ದೊಡ್ಡ ತೊಡಕು. ಮಂಡಳಿಯ ಹಣ ಆಕಾಶದಿಂದ ಬಂದದ್ದಲ್ಲ. ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ಸಿನಿಂದ ಕೂಡಿದ್ದು, ಅವರ ಹೆಸರಿನದ್ದೇ.

ಆ ದಂಪತಿಯಲ್ಲಿ ಕಾರ್ಡಿನ ಬಗ್ಗೆ ವಿಚಾರಿಸಿದೆವು. ‘ಸಹಿ ಯಾರ್ ಮಾಡ್ತಾರ್ರೀ?’ ಎಂದಳು ಹೆಂಡತಿ. ಮನೆ ಕಟ್ಟಿಸುವ ನಮ್ಮವರು ಒಂದು ದಿನ ಬಿಡುವು ಮಾಡಿ, ದಿನಗಳ ಲೆಕ್ಕ ಬರೆದು ಸಹಿ ಹಾಕಿ ಕೊಡಲಿ. ಜಮಾಅತಿನ ಯುವಕರು ಅರ್ಜಿ ತುಂಬಿಸಲಿ. ಗೃಹಪ್ರವೇಶದ ಬಿರಿಯಾನಿಗೆ ಅವರನ್ನು ಕರೆಯುವ ಮೊದಲೇ ಆಗಬೇಕಾದ ಕೆಲಸ ಇದು.