ಇಟಾಲಿಯನ್ ಕ್ರಿಯಾಪದಗಳಲ್ಲಿ ಅಕ್ಷರವಿಭಾಗ ಮತ್ತು ಧಾತುರೂಪ

ಇಟಾಲಿಯನ್ ವ್ಯಾಕರಣವನ್ನು ಅಭ್ಯಸಿಸುವವರಿಗೆ ಕ್ರಿಯಾಪದಗಳಲ್ಲಿ ಎರಡು ಬಗೆಯ ವಿಭಾಗಗಳು ಎದುರಾಗುತ್ತವೆ. ಉಚ್ಚಾರಣೆಯನ್ನನುಸರಿಸಿ ಪದವನ್ನು ಅಕ್ಷರಗಳಾಗಿ ಬಿಡಿಸುವುದು ಒಂದು. ಅರ್ಥವನ್ನನುಸರಿಸಿ ಧಾತುವನ್ನೂ ಪ್ರತ್ಯಯವನ್ನೂ ಬೇರ್ಪಡಿಸುವುದು ಮತ್ತೊಂದು. ಇವೆರಡರ ಗಡಿಗಳು ಸಾಮಾನ್ಯವಾಗಿ ಕೂಡುವುದಿಲ್ಲ. ಆದರೂ ಎಷ್ಟೋ ಕಡೆ ಧಾತುವಿನ ರೂಪವನ್ನು ನಿರ್ಣಯಿಸಿರುವುದು ಅಕ್ಷರವಿಭಾಗವೇ. ಈ ಸಂಬಂಧವನ್ನು ನಾವಿಲ್ಲಿ ವಿವೇಚಿಸುತ್ತೇವೆ. ಅಕ್ಷರವೆಂದರೆ ಇಲ್ಲಿ ಉಚ್ಚಾರಣೆಯ ಘಟಕವೇ ಹೊರತು ಲಿಪಿಯ ಗುರುತಲ್ಲ.

‘ಪರ್ಲಾರೆ’ ಎಂದರೆ ಮಾತನಾಡುವುದು. ಇದರ ಧಾತು ‘ಪರ್ಲ್’. ಉತ್ತಮಪುರುಷ ಏಕವಚನದ ‘ಒ’ ಪ್ರತ್ಯಯ ಸೇರಿದರೆ ‘ಪರ್ಲೊ’ ಎಂದಾಗುತ್ತದೆ. ಆದರೆ ಉಚ್ಚಾರಣೆಯಲ್ಲಿ ಅಕ್ಷರಗಳು ‘ಪರ್-ಲೊ’ ಎಂದು ಬೇರ್ಪಡುತ್ತವೆ. ಧಾತುವಿನ ಕೊನೆಯ ಲಕಾರವು ಪ್ರತ್ಯಯದ ಸ್ವರದೊಡನೆ ಕೂಡಿಕೊಳ್ಳುತ್ತದೆ. ‘ಇಡು’ ಎಂಬರ್ಥದ ‘ಮೆತ್ತ್’ ಧಾತುವಿನಲ್ಲಿ ದ್ವಿತ್ವವೇ ಒಡೆದು ‘ಮೆತ್-ತೊ’ ಎಂದಾಗುತ್ತದೆ. ಸಾಲಿನ ತುದಿಯಲ್ಲಿ ಪದವನ್ನು ಮುರಿಯಬೇಕಾದಾಗ ಇಟಾಲಿಯನ್ ಮುದ್ರಣವು ಅನುಸರಿಸುವುದು ಈ ಅಕ್ಷರದ ಗಡಿಯನ್ನೇ, ಧಾತುವಿನ ಗಡಿಯನ್ನಲ್ಲ. ನಮ್ಮ ‘ನೋಡಿದೆನು’ ಎಂಬಲ್ಲಿಯೂ ಧಾತುವಿನ ಉಕಾರ ಲೋಪವಾಗಿ, ಡಕಾರವು ಮುಂದಿನ ಸ್ವರವನ್ನು ಸೇರುವುದನ್ನು ನೆನೆಯಬಹುದು.

ಇನ್ನು ಅಕ್ಷರವು ಧಾತುವನ್ನು ಮಾರ್ಪಡಿಸುವ ಬಗೆ. ಸ್ವರದಲ್ಲಿ ಕೊನೆಗೊಳ್ಳುವ ಅಕ್ಷರ ವಿವೃತ. ವ್ಯಂಜನದಿಂದ ಮುಚ್ಚಿದ್ದು ಸಂವೃತ. ಒತ್ತಕ್ಷರದ ಹಿಂದಿನ ಅಕ್ಷರವನ್ನು ಗುರುವೆಂದು ಎಣಿಸುವ ನಮ್ಮ ಛಂದಸ್ಸಿಗೂ ಈ ಭೇದ ಹೊಸದಲ್ಲ. ಲ್ಯಾಟಿನ್ನಿನ ಹ್ರಸ್ವ ಎಕಾರ ಒಕಾರಗಳು, ಆಘಾತವುಳ್ಳ ವಿವೃತಾಕ್ಷರದಲ್ಲಿ, ಇಟಾಲಿಯನ್ನಿನಲ್ಲಿ ಸಾಮಾನ್ಯವಾಗಿ ‘ಇಎ’, ‘ಉಒ’ ಎಂಬ ಸಂಧ್ಯಕ್ಷರಗಳಾದುವು, ಸಂವೃತಾಕ್ಷರದಲ್ಲಿ ಹಾಗಾಗಲಿಲ್ಲ.

‘ಬರು’ ಎಂಬರ್ಥದ ‘ವೆನೀರೆ’ ಇದಕ್ಕೆ ಉತ್ತಮ ನಿದರ್ಶನ. ‘ನಾನು ಬರುತ್ತೇನೆ’ ಎಂಬುದಕ್ಕೆ ‘ವೆನ್-ಗೊ’: ಗಕಾರ ಸೇರಿದ್ದರಿಂದ ಮೊದಲ ಅಕ್ಷರ ಸಂವೃತ, ಸ್ವರ ಬದಲಾಗದು. ‘ನೀನು ಬರುತ್ತೀಯೆ’ ಎಂಬುದಕ್ಕೆ ‘ವ್ಯೇ-ನಿ’: ಅಕ್ಷರ ವಿವೃತ, ಆಘಾತವೂ ಅಲ್ಲಿಯೇ, ಆದುದರಿಂದ ಸಂಧ್ಯಕ್ಷರ. ‘ನಾವು ಬರುತ್ತೇವೆ’ ಎಂಬುದಕ್ಕೆ ‘ವೆ-ನ್ಯಾ-ಮೊ’: ಅಕ್ಷರ ವಿವೃತವಾದರೂ ಆಘಾತ ಮುಂದಕ್ಕೆ ಸರಿದಿದೆ, ಸ್ವರ ಮೊದಲಿನಂತೆಯೇ ಉಳಿಯುತ್ತದೆ. ವರ್ತಮಾನದ 6 ರೂಪಗಳಲ್ಲಿ ಸಂಧ್ಯಕ್ಷರವಿರುವುದು ‘ವ್ಯೇನಿ’, ‘ವ್ಯೇನೆ’ ಎಂಬ 2ರಲ್ಲಿ ಮಾತ್ರ. ‘ಸಾಯು’ ಎಂಬರ್ಥದ ‘ಮೊರೀರೆ’ಯಲ್ಲಿಯೂ ಇದೇ ಕ್ರಮ: ‘ಮ್ವೋ-ರೆ’ (ಸಾಯುತ್ತಾನೆ), ಆದರೆ ‘ಮೊರ್-ತೊ’ (ಸತ್ತ), ‘ಮೊ-ರ್ಯಾ-ಮೊ’ (ಸಾಯುತ್ತೇವೆ).

ಸಾದೃಶ್ಯಬಲದಿಂದ ಈ ನಿಯಮ ಕೆಲವೆಡೆ ಸಡಿಲವಾಗಿದೆ. ‘ವಾದ್ಯ ನುಡಿಸು’ ಎಂಬರ್ಥದ ಧಾತುವಿಗೆ ಹಿಂದಿನ ವ್ಯಾಕರಣಗಳು ವಿಧಿಸಿದ್ದ ‘ಸೊನ್ಯಾಮೊ’ ಎಂಬ ರೂಪದ ಬದಲು ಈಗ ‘ಸ್ವೊನ್ಯಾಮೊ’ ಎಂಬುದೇ ರೂಢಿ. ಏಕವಚನದ ಸಂಧ್ಯಕ್ಷರವು ಆಘಾತವಿಲ್ಲದ ಕಡೆಗೂ ಹಬ್ಬಿದೆ.

ಪಠ್ಯಪುಸ್ತಕಗಳು ‘ವೆಂಗೊ, ವ್ಯೇನಿ, ವೆನ್ಯಾಮೊ’ಗಳನ್ನು ಅನಿಯತ ರೂಪಗಳ ಪಟ್ಟಿಗೆ ಸೇರಿಸಿಬಿಡುತ್ತವೆ; ವಿದ್ಯಾರ್ಥಿಯು ಅವನ್ನು ಬಾಯಿಪಾಠ ಮಾಡುತ್ತಾನೆ. ಗಕಾರದ ಸೇರ್ಪಡೆಯೊಂದನ್ನು ನೆನಪಿಟ್ಟರೆ, ಉಳಿದ ಸ್ವರಭೇದವೆಲ್ಲ ಆಘಾತ ಎಲ್ಲಿದೆ, ಅಕ್ಷರ ತೆರೆದಿದೆಯೋ ಮುಚ್ಚಿದೆಯೋ ಎಂಬೆರಡು ಪ್ರಶ್ನೆಗಳಿಂದಲೇ ವಿಶದವಾಗುತ್ತದೆ. ಆದಕಾರಣ ಧಾತುಪಾಠಕ್ಕೆ ಮೊದಲು ಅಕ್ಷರವಿಭಾಗವನ್ನು ಕಲಿಸುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.